ಒಂದು ಚೂರೂ ಬಾಯಿಗೆ ಹಾಕದವನು

ಆ ವಿಡಿಯೋ ಮುಗಿಯುವುದು ಶಿವರಾಜನ ತುಟಿಯ ಮೇಲೆ. ಅವನ ಅಂಗಡಿಯ ಪಾಲುದಾರ ತಿರುಮಲೇಶ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯ ಇಕ್ಕಳದಲ್ಲಿ ಹೊಗೆಯಾಡುವ ಸಾಸೇಜೊಂದನ್ನು ಹಿಡಿದು ಅಡುಗೆಮನೆಯ ತುಂಬ ಅವನನ್ನು ಅಟ್ಟಾಡಿಸುತ್ತಾನೆ, ಫ್ರಿಜ್ಜಿನ ಮೂಲೆಗೆ ಒತ್ತಿ ನಿಲ್ಲಿಸುತ್ತಾನೆ, "ಒಂದೇ ಒಂದು ಕಚ್ಚು ಮಗಾ, ಸ್ವರ್ಗ ಕಾಣ್ಸುತ್ತೆ" ಎಂದು ನಗುತ್ತಾನೆ. ಸಾಸೇಜಿನ ತುದಿ ತುಟಿಗೆ ತಾಕುತ್ತದೆ. ಅಲ್ಲಿಗೆ ಕತ್ತರಿಸಿದೆ. ಮರುಕ್ಷಣವೇ ಶಿವರಾಜ ಆ ಕೈಯನ್ನು ಕೊಡವಿ ತಳ್ಳಿದ್ದು, ನಲ್ಲಿಯ ಕೆಳಗೆ ಬಾಯೊಡ್ಡಿ ಪಾತ್ರೆ ತೊಳೆಯುವ ಸೋಪಿನಿಂದ ತುಟಿ ಉರಿಯುವವರೆಗೆ ಉಜ್ಜಿಕೊಂಡಿದ್ದು ಯಾರಿಗೂ ಕಾಣುವುದಿಲ್ಲ. ನೋಡಿದವರೆಲ್ಲ ತಿಳಿದುಕೊಂಡದ್ದು ಒಂದೇ ಮಾತು: ಕಚ್ಚಿಬಿಟ್ಟ.

ನೋಡಿದವರೇನು ಕಡಿಮೆ ಇರಲಿಲ್ಲ. ಜೆ.ಪಿ. ನಗರದ ಹುಡುಗರು ನೋಡಿದರು, ಜಯನಗರದ ಕಾಲೇಜು ಹುಡುಗಿಯರು ನೋಡಿ ನಗುವ ಮುಖಗಳನ್ನು ಸುರಿದರು, ಕೊನೆಗೆ ಯಾರೋ ಪುಣ್ಯಾತ್ಮರು ಅದನ್ನು ಹನುಮಂತನಗರದ ಶಿವಾನುಭವ ಗೋಷ್ಠಿಯ ವಾಟ್ಸಾಪ್ ಗುಂಪಿಗೂ ಹಾಕಿದರು. ಆ ಗುಂಪಿನಲ್ಲಿ ಶಿವರಾಜನ ಅಪ್ಪ ರೇವಣಸಿದ್ದಪ್ಪನವರಿದ್ದರು. ನಿವೃತ್ತ ಹೆಡ್ಮಾಸ್ತರರು, ಹಣೆಯ ತುಂಬ ವಿಭೂತಿ, ಹಿಡಿದ ಮಾತು ಬಿಡದ ಮನುಷ್ಯ. ಮಗ ಸಾಸೇಜಿನ ಅಂಗಡಿ ಇಡುತ್ತೇನೆಂದಾಗ ಊಟ ಬಿಟ್ಟು ಕುಳಿತು, ಕಡೆಗೆ ಒಂದೇ ಷರತ್ತಿನ ಮೇಲೆ ಸೋತು ಒಪ್ಪಿಕೊಂಡಿದ್ದರು. "ಮಾರೋದು ಮಾರ್ಕೋ. ಬಾಯಿಗೆ ಮಾತ್ರ ಹಾಕ್ಬೇಡ."

ವಿಡಿಯೋ ನೋಡಿದ ದಿನ ಅವರು ಕೂಗಾಡಲಿಲ್ಲ. ತಲೆಗೆ ತಣ್ಣೀರು ಸುರಿದುಕೊಂಡು ಬಂದು, "ಇನ್ಮೇಲೆ ಪೂಜೆ ಕೋಣೆಗೆ ಬರ್ಬೇಡ" ಎಂದಷ್ಟೇ ಹೇಳಿದರು. ಅಲ್ಲಿಂದಾಚೆಗೆ ಮಗನೊಂದಿಗೆ ಮಾತು ನಿಂತಿತು. ಅಮ್ಮ ಸರ್ವಮಂಗಳಾ ಕಣ್ಣೊರೆಸಿಕೊಳ್ಳುತ್ತಲೇ ಅವನ ತಟ್ಟೆ ಲೋಟ ಬೇರೆ ಇಟ್ಟರು. ಊಟ ಪಡಸಾಲೆಗೆ ಬಂತು. ಆ ಮನೆಯ ಅಡುಗೆಗೆ ಮೊದಲಿನಿಂದಲೂ ಒಂದು ಕಟ್ಟಳೆ. ಲಿಂಗಕ್ಕೆ ಎಡೆ ತೋರಿಸುವ ಮುನ್ನ ಯಾರ ನಾಲಿಗೆಗೂ ಏನೂ ಸೋಕುವಂತಿಲ್ಲ. ಸಾರು ಕುದಿಯುವಾಗ ಅಮ್ಮ ಒಂದು ಹನಿಯನ್ನೂ ಅಂಗೈಗೆ ಹಾಕಿಕೊಂಡು ನೆಕ್ಕಿದವರಲ್ಲ. ಎಲ್ಲ ಕೈ ಅಂದಾಜು, ಮೂಗಿನ ಅಂದಾಜು. ಅಂಥ ಮನೆಯಲ್ಲಿ ಅವನೀಗ ಎಂಜಲು ಮನುಷ್ಯನಾಗಿದ್ದ. "ಅಪ್ಪಾ, ಲಿಂಗದಾಣೆಗೂ ನಾನು ಕಚ್ಚಿಲ್ಲ" ಎಂದು ಪೂಜೆ ಕೋಣೆಯ ಹೊಸ್ತಿಲ ಹೊರಗೆ ನಿಂತು ಹೇಳಿದ. ರೇವಣಸಿದ್ದಪ್ಪನವರು ಪತ್ರಿಕೆಯ ಹಾಳೆ ತಿರುವಿದರು.

ತಿರುಮಲೇಶನಿಗೆ ಇದೆಲ್ಲ ಸಖತ್ ತಮಾಷೆಯಾಗಿ ಕಂಡಿತು. ಶಿವರಾಜ ಹಲ್ಲು ಕಚ್ಚಿಕೊಂಡು ವಿಡಿಯೋ ತೆಗೆಯಲು ಕೇಳಿದಾಗ ಅವನು ಬೆನ್ನಿನ ಮೇಲೊಂದು ಬಿಟ್ಟು, "ಅದನ್ನ ತೆಗೆದ್ರೆ ಅಂಗಡಿ ಬಾಗ್ಲೇ ಹಾಕ್ದಂಗೆ ಗುರು. ಜನ ಅದನ್ನ ನೋಡ್ಕೊಂಡೇ ಬರ್ತಿರೋದು" ಎಂದ.

"ಹಂಗಾದ್ರೆ ಪೂರ್ತಿ ಹಾಕು. ನಾನು ತಳ್ಳಿದ್ದೂ ಹಾಕು."

"ಅದನ್ನ ಶೂಟೇ ಮಾಡಿಲ್ವಲ್ಲೋ. ನೀನ್ ತಳ್ಳಿದಾಗ ಫೋನೇ ಕೆಳಗ್ ಬಿತ್ತು."

ಅಂದರೆ ಶಿವರಾಜ ಕಚ್ಚಲಿಲ್ಲ ಎಂಬುದಕ್ಕೆ ಈ ಭೂಮಿಯ ಮೇಲೆ ಒಂದು ಸಾಕ್ಷಿಯೂ ಇರಲಿಲ್ಲ. ಆ ಕ್ಷಣದಲ್ಲಿ ಅವನಿಗೆ ತಿರುಮಲೇಶನ ನಗುವ ಬಾಯಿಯನ್ನು ಮಾಂಸ ಕೊಚ್ಚುವ ಕತ್ತಿಯಿಂದ ಕಿವಿಯವರೆಗೆ ಸೀಳಬೇಕೆನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಲಿಲ್ಲ, ಅದೇ ಅವನಿಗೆ ಆಶ್ಚರ್ಯ.

ಅಂಗಡಿಯ ಹೆಸರು 'ಏಳು ಕಡಲು'. ಹೆಸರಿಟ್ಟವನು ಶಿವರಾಜ. ಗೋಡೆಯ ಮೇಲೆ ಜಗತ್ತಿನ ನಕಾಶೆ ಬರೆಸಿ, ಊರೂರಿಗೂ ಒಂದೊಂದು ಮೊಳೆ ಹೊಡೆಸಿ, ಮೊಳೆಗೊಂದು ಸಾಸೇಜಿನ ಹೆಸರು ತೂಗುಹಾಕಿದವನೂ ಅವನೇ. ಜರ್ಮನಿಯ ಬ್ರಾಟ್‌ವುರ್ಸ್ಟ್, ಪೋಲೆಂಡಿನ ಕಿಯೆಲ್ಬಾಸಾ, ಚೀನಾದ ಸಿಹಿಯಾದ ಲಾಪ್ ಚಾಂಗ್, ಚಕ್ಕುಲಿಯಂತೆ ಸುತ್ತಿಟ್ಟ ದಕ್ಷಿಣ ಆಫ್ರಿಕಾದ ಬೂರವೋರ್ಸ್, ಕಿರುಬೆರಳಿನಷ್ಟೇ ದಪ್ಪದ ಉತ್ತರ ಆಫ್ರಿಕಾದ ಮೆರ್ಗೆಝ್. ಮ್ಯೂನಿಕ್ಕಿನ ಬಿಳಿಯ ಸಾಸೇಜನ್ನು ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ತಿಂದು ಮುಗಿಸಬೇಕೆಂಬ ಅಲ್ಲಿನ ಪದ್ಧತಿ, ಬ್ರಿಟಿಷರು ರಕ್ತವನ್ನು ಓಟ್ಸಿನೊಂದಿಗೆ ಹೆಪ್ಪುಗಟ್ಟಿಸಿ ಬೆಳಗಿನ ತಿಂಡಿಗೆ ಹುರಿಯುವ ಬಗೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ನಾಲಿಗೆಯ ತುದಿಯಲ್ಲಿ ಮಾತಾಗಿ ಮಾತ್ರ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ಅಷ್ಟರಲ್ಲಿ ತಿರುಮಲೇಶ ಒಳಗಿನಿಂದ ತಲೆ ಹಾಕಿ, "ಇವ್ನ್ ಮಾತ್ ಕೇಳ್ಬೇಡಿ ಸಾರ್, ಇವ್ನು ಸಾಸೇಜ್ ಶಾಸ್ತ್ರಿ. ಪುಳಿಚಾರು ಪಾರ್ಟಿ" ಎಂದು ಕಿಸಕ್ಕನೆ ನಗಿಸುತ್ತಿದ್ದ. ಹಡಗಿನಲ್ಲಿ ಅಡುಗೆಯವನಾಗಿ ದೇಶದೇಶದ ಬಂದರುಗಳಲ್ಲಿ ತಿಂದು ಬಂದವನು ತಿರುಮಲೇಶ. ಕೈರುಚಿ ಅವನದು, ನಿಜ. ಆದರೆ ಅಂಗಡಿಗೆ ಪ್ರಾಣ ಕೊಟ್ಟವನು ತಾನು ಎಂದು ಶಿವರಾಜ ನಂಬಿದ್ದ, ಅದೂ ಸುಳ್ಳಲ್ಲ.

ದಿನವೂ ಅಡುಗೆಮನೆಗೆ ಕಾಲಿಡುವ ಮುನ್ನ ಅವನು ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೆಗೆದು, ಅದರೊಳಗಿನ ಇಷ್ಟಲಿಂಗಕ್ಕೆ ಕಣ್ಣು ಮುಚ್ಚಿ ಕ್ಷಮೆ ಕೇಳಿ, ಗಲ್ಲಾದ ಮೇಲಿನ ಗೂಡಿನಲ್ಲಿಡುತ್ತಿದ್ದ. ಒಳಗೆ ಹೋದರೂ ಬಾಗಿಲ ಪಕ್ಕದ ಸ್ಟೂಲಿನಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಅಲ್ಲಿಂದಲೇ ಎಲ್ಲ ನೋಡಿ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದ: ಮಾಂಸ ಕೊಚ್ಚುವುದು, ಕೊಬ್ಬು ಸೇರಿಸುವುದು, ಬೆಳ್ಳುಳ್ಳಿ ಮೆಣಸು ಹಾಕಿ ನಾದುವುದು. ನಾದಿದ್ದಾದ ಮೇಲೆ ತಿರುಮಲೇಶ ಒಂದು ಉಂಡೆ ತೆಗೆದು ವಡೆಯ ಹಾಗೆ ತಟ್ಟಿ ಪುಟ್ಟ ಕಬ್ಬಿಣದ ಬಾಣಲೆಯಲ್ಲಿ ಹುರಿಯುವನು. ಕೊಬ್ಬು ಕರಗುವ ಆ ಕಮಟು ಎದ್ದರೆ ಸಾಕು, ಶಿವರಾಜ ಮೂಗು ಮುಚ್ಚಿಕೊಂಡು ಸ್ಟೂಲು ಬಿಟ್ಟು ಏಳುತ್ತಿದ್ದ. ಹಿಂಬಾಗಿಲಿನಿಂದಾಚೆ ಹೋಗಿ ಪಕ್ಕದ ಮನೆಯ ಸಂಪಿಗೆ ಮರ ನೋಡುತ್ತಾ ನಿಲ್ಲುವನು. ಕರುಳಿಗೆ ಮಾಂಸ ತುಂಬುವ ಯಂತ್ರ ಕಿರುಗುಟ್ಟಲು ಶುರುವಾದ ಮೇಲೆ ಮತ್ತೆ ಒಳಗೆ ಬರುವನು.

ತಿರುಮಲೇಶನನ್ನು ಕೊಲ್ಲುವುದೆಂದು ತೀರ್ಮಾನಿಸಿದ ಮೇಲೆ ಅವನ ತಲೆಗೆ ಮೊದಲು ಬಂದದ್ದು ಎಲ್ಲರ ತಲೆಗೂ ಬರುವಂಥದ್ದೇ. ಹೊಡೆದು, ಕೊಚ್ಚಿ, ಕರುಳಿಗೆ ತುಂಬಿ, ಗಿರಾಕಿಗಳಿಗೇ ಹಂಚಿಬಿಡುವುದು. ಅದನ್ನು ಯೋಚಿಸಿ ಒಂದು ಸಂಜೆ ಪೂರ್ತಿ ಸಂತೋಷವಾಗಿದ್ದ. ಆಮೇಲೆ ಬುದ್ಧಿ ತಿಳಿಯಾಗಿ, ಮೂಳೆಯನ್ನೇನು ಮಾಡುತ್ತೀ, ಹಲ್ಲನ್ನೇನು ಮಾಡುತ್ತೀ, ಕಾಣೆಯಾದವನನ್ನು ಹುಡುಕಲು ಬರುವ ಪೊಲೀಸರನ್ನೇನು ಮಾಡುತ್ತೀ ಎಂದು ತನ್ನನ್ನೇ ಬೈದುಕೊಂಡ. ಹೆಣ ಬಚ್ಚಿಡುವವನು ದಡ್ಡ. ಹೆಣ ಎಲ್ಲರ ಕಣ್ಣೆದುರಿಗೇ ಬಿದ್ದಿರಬೇಕು, ನೋಡಿದವರು ಅಯ್ಯೋ ಪಾಪ ಅನ್ನಬೇಕು, ಮಣ್ಣು ಮಾಡಬೇಕು, ಅಷ್ಟೇ.

ಬಿದ್ದು ಸತ್ತ ಎನ್ನುವುದಕ್ಕೆ ಅಂಗಡಿಯಲ್ಲೇ ಜಾಗವಿತ್ತು. ಅಡುಗೆಮನೆಯ ಹಿಂದೆ ಸಾಸೇಜ್ ಒಣಗಿಸುವ ತಣ್ಣನೆಯ ಕೋಣೆ. ಮೇಲೆ ಕಬ್ಬಿಣದ ಸರಳುಗಳು, ಕೆಳಗೆ ಚೂಪು ಮೂಲೆಯ ಗ್ರಾನೈಟ್ ಕಟ್ಟೆ, ನೆಲದಲ್ಲಿ ಯಾವಾಗಲೂ ಕೊಬ್ಬಿನ ಜಿಡ್ಡು. ತಿರುಮಲೇಶ ಅಲ್ಲಾಡುವ ಸ್ಟೂಲಿನ ಮೇಲೆ ಹತ್ತಿ ಸಾಸೇಜಿನ ಮಾಲೆಗಳನ್ನು ತೂಗುಹಾಕುವಾಗ ಅವನ ಹೆಂಡತಿ ಸುನಿತಾ ಎಷ್ಟೋ ಸಲ, "ಒಂದಿನ ಬಿದ್ದು ತಲೆ ಒಡ್ಕೋತೀರಾ" ಎಂದು ಗದರಿದ್ದಳು. ಆ ಮಾತನ್ನು ಕೇಳಿದವರು ಬೇಕಾದಷ್ಟು ಜನರಿದ್ದರು. ತಣ್ಣನೆಯ ಕೋಣೆಯಲ್ಲಿ ಬಿದ್ದ ಹೆಣ ಎಷ್ಟು ಹೊತ್ತಿಗೆ ಸತ್ತದ್ದೆಂದು ಡಾಕ್ಟರು ಕೂಡ ಅಂದಾಜಿನ ಮೇಲೆಯೇ ಹೇಳಬೇಕು.

ಆದರೂ ಯಾರಾದರೂ ಬಾಯಿ ಬಿಟ್ಟು ಅನುಮಾನಪಟ್ಟರೆ? ಅದಕ್ಕೆ ಶಿವರಾಜ ಹೊಸೆದದ್ದು ಜಾಣತನದ ದಾರಿ, ಅದನ್ನು ಒಪ್ಪಿಕೊಳ್ಳಲೇಬೇಕು. ಸೋಮವಾರ ಅಂಗಡಿಗೆ ರಜೆ. ಮಧ್ಯಾಹ್ನ ಮಾಂಸದಂಗಡಿಯ ಮುನಿಯಣ್ಣ ಮಾಂಸ ತಂದುಕೊಡುತ್ತಾನೆ, ತಿರುಮಲೇಶ ಒಬ್ಬನೇ ಕುಳಿತು ಸ್ಪೇನಿನ ಚೊರಿಝೊ ಸಾಸೇಜು ಮಾಡಿ ಮುಗಿಸುವಷ್ಟರಲ್ಲಿ ಕತ್ತಲಾಗುತ್ತದೆ, ಅಲ್ಲೇ ಮಲಗಿ ಬೆಳಿಗ್ಗೆ ಮನೆಗೆ ಹೋಗುತ್ತಾನೆ. ಅದೇ ಸೋಮವಾರ ಸಂಜೆ ಹನುಮಂತನಗರದಲ್ಲಿ ಗೋಷ್ಠಿ. ಶಿವರಾಜ ಮೊದಲೇ ಬೇರೆ ಕಡೆ ಚೊರಿಝೊ ಮಾಡಿಟ್ಟುಕೊಂಡಿದ್ದರೆ? ಮುನಿಯಣ್ಣ ಹೋದ ಕೂಡಲೇ ಕೆಲಸ ಮುಗಿಸಿ, ತಯಾರಾದ ಮಾಲೆಗಳನ್ನು ಸರಳಿಗೆ ತೂಗುಹಾಕಿ, ಹಸಿ ಮಾಂಸವನ್ನು ಹೊತ್ತು ಹೊರಟುಬಿಡಬಹುದು. ಎದುರಿನ ಮೆಡಿಕಲ್ ಸ್ಟೋರಿನ ಕ್ಯಾಮೆರಾ ಅವನು ಬೇಗ ಹೊರಟದ್ದನ್ನು ನೋಡಿರುತ್ತದೆ. ಒಳಗೆ ತೂಗುತ್ತಿರುವ ಚೊರಿಝೊ, ತಿರುಮಲೇಶ ಸಂಜೆಯವರೆಗೆ ಬದುಕಿದ್ದು ಕೆಲಸ ಮಾಡಿದ ಎಂದು ಸಾಕ್ಷಿ ಹೇಳುತ್ತದೆ. ಅದನ್ನು ಶಿವರಾಜ ಮಾಡಿದ ಎಂದು ಯಾವ ಮೂರ್ಖ ಹೇಳಿಯಾನು? ಮಾಂಸಕ್ಕೆ ಬೆರಳು ಸೋಕಿಸದ ಪುಳಿಚಾರು ಅವನು. ತಿರುಮಲೇಶನೇ ಊರಿಗೆಲ್ಲ ಡಂಗುರ ಹೊಡೆದಿದ್ದನಲ್ಲ.

ಬಿಟಿಎಂ ಲೇಔಟಿನಲ್ಲಿ ಪೇಯಿಂಗ್ ಗೆಸ್ಟ್ ಮನೆಗಳ ನಡುವೆ ಒಂದು ಕೋಣೆ ಹಿಡಿದ. ಅಲ್ಲಿ ಯಾರು ಬಂದರು ಯಾರು ಹೋದರು ಎಂದು ಕೇಳುವವರಿಲ್ಲ. ಕರುಳಿಗೆ ಮಾಂಸ ತುಂಬುವ ಕೈಯಂತ್ರವೊಂದನ್ನು ಕೊಂಡ. ಮೊದಲ ಸಲ ಒಂದರ ಮೇಲೊಂದು ಗ್ಲೌಸ್ ಹಾಕಿಕೊಂಡು ನೀರಲ್ಲಿ ನೆನೆದ ಕರುಳನ್ನು ಎತ್ತಿದಾಗ ಅದು ಬೆರಳಿಗೆ ಸುತ್ತಿಕೊಂಡು ಜಾರಿತು. ಶಿವರಾಜ ಬಚ್ಚಲಿಗೆ ಓಡಿ ಕಕ್ಕಿದ. ಬಾಯಿ ತೊಳೆದುಕೊಂಡು ಮತ್ತೆ ಬಂದು ಕುಳಿತ. ದ್ವೇಷವಿದ್ದರೆ ಏನನ್ನೂ ಕಲಿಯಬಹುದು. ಕೊಚ್ಚಿದ ಮಾಂಸ ನಾದುವಾಗ ಅವನು ಅದನ್ನು ತಿರುಮಲೇಶನ ಮುಖ ಎಂದುಕೊಂಡು ಗುದ್ದಿದ, ಮುಷ್ಟಿ ನೋಯುವವರೆಗೆ ಗುದ್ದಿದ, ಆಗ ಓಕರಿಕೆ ಬರಲಿಲ್ಲ.

ತಿರುಮಲೇಶ ಸಾಸೇಜಿನ ಕೊನೆಗೆ ಹಾಕುವುದು ಹಡಗಿನವರ ಗಂಟು. ಅದನ್ನು ಶಿವರಾಜ ಬನಶಂಕರಿಯಿಂದ ಹೊರಡುವ ಮೆಟ್ರೋದಲ್ಲಿ ಎಲ್ಲರೆದುರಿಗೇ ಕುಳಿತು ಹತ್ತಿಯ ದಾರದಲ್ಲಿ ಅಭ್ಯಾಸ ಮಾಡಿದ. ಪಕ್ಕದ ಅಜ್ಜಿಯೊಬ್ಬರು ಹೂ ಕಟ್ಟುವುದನ್ನು ಕಲಿಯುತ್ತಿದ್ದಾನೆಂದು ಭಾವಿಸಿ ಮೆಚ್ಚುಗೆಯಿಂದ ನೋಡಿದರು.

ಆ ಕೋಣೆಯ ಕೆಳಗಡೆ ಹುಡುಗರಿಗೆ ರೊಟ್ಟಿ ಊಟ ಹಾಕುತ್ತಿದ್ದ ಬಾಗಲಕೋಟೆ ಕಡೆಯ ಮುರಿಗೆವ್ವ ಮಾತ್ರ ಒಮ್ಮೆ ಮೆಟ್ಟಿಲಲ್ಲಿ ಅಡ್ಡ ನಿಂತಳು. "ಏನ್ರೀ ಸಾಹೇಬ್ರ, ನಿಮ್ಮ ಖೋಲಿಯಿಂದ ಬಳ್ಳೊಳ್ಳಿ ವಾಸ್ನಿ ಭಾಳ ಬರ್ತೈತಲ್ಲ?"

"ಉಪ್ಪಿನಕಾಯಿ ವ್ಯಾಪಾರ ಶುರು ಮಾಡ್ತಿದೀನಿ ಅಕ್ಕ."

"ಹಂಗಾರ ನಮಗೂ ಒಂದೀಟ ಕೊಡ್ರಿ, ರುಚಿ ನೋಡಿ ಹೇಳ್ತೀನಿ."

ಮರುದಿನವೇ ಜಯನಗರದಿಂದ ಬೆಳ್ಳುಳ್ಳಿ ಉಪ್ಪಿನಕಾಯಿಯ ಬಾಟಲಿ ತಂದು, ಚೀಟಿ ಕಿತ್ತು ಅವಳಿಗೆ ಕೊಟ್ಟ. ತನ್ನ ಸಮಯಸ್ಫೂರ್ತಿಗೆ ತಾನೇ ತಲೆದೂಗಿದ.

ತಿರುಮಲೇಶನೊಂದಿಗೆ ರಾಜಿಯನ್ನೂ ಮಾಡಿಕೊಂಡ. ಅಂಗಡಿ ತುಂಬಿದ್ದಾಗ ಅವನ ಹೆಗಲ ಮೇಲೆ ಕೈಹಾಕಿ, "ಆಗಿದ್ದಾಯ್ತು ಬಿಡು ಮಗಾ" ಎಂದ. ತಿರುಮಲೇಶ ಅವನನ್ನು ಅಪ್ಪಿಕೊಂಡು ಎತ್ತಿಯೇಬಿಟ್ಟ. ಆ ಅಪ್ಪುಗೆಯೊಳಗೆ ಶಿವರಾಜ ಅವನ ತಲೆಬುರುಡೆಯ ಹಿಂಭಾಗವನ್ನು ನೋಡುತ್ತಿದ್ದ, ಕೂದಲು ತೆಳ್ಳಗಾಗಿದ್ದ ಆ ಜಾಗವನ್ನು.

ಆ ಸೋಮವಾರ ಮುನಿಯಣ್ಣ ಮಾಂಸ ಇಳಿಸಿ, ಇಬ್ಬರೊಂದಿಗೂ ಚಹಾ ಕುಡಿದು, ಕ್ರಿಕೆಟ್ಟಿನ ಬಗ್ಗೆ ಬೈದುಕೊಂಡು ಹೋದ. ಶಿವರಾಜ ಕರಡಿಗೆಯನ್ನು ತೆಗೆದು ಗೂಡಿನಲ್ಲಿಟ್ಟ. ಹೋಗುವಾಗ ಇದನ್ನು ಮರೆಯಬಾರದು ಎಂದು ತನಗೆ ತಾನೇ ಹೇಳಿಕೊಂಡ. ಇಂಥ ಸಣ್ಣಪುಟ್ಟದ್ದರಲ್ಲೇ ಜನ ಸಿಕ್ಕಿಬೀಳುವುದು. ಪ್ಲಾಸ್ಟಿಕ್ ಏಪ್ರನ್, ಗ್ಲೌಸ್ ಹಾಕಿಕೊಂಡು ಅವನು ಒಣಗಿಸುವ ಕೋಣೆಗೆ ಬಂದಾಗ ತಿರುಮಲೇಶ ಸ್ಟೂಲಿನ ಮೇಲೆ ನಿಂತು ಹಳೆಯ ಮಾಲೆಗಳನ್ನು ಪಕ್ಕಕ್ಕೆ ಸರಿಸಿ ಹೊಸದಕ್ಕೆ ಜಾಗ ಮಾಡುತ್ತಿದ್ದ.

"ಏನೋ ಶಾಸ್ತ್ರಿ, ಇವತ್ತ್ ಏಪ್ರನ್ನು ಗೀಪ್ರನ್ನು? ಕೆಲ್ಸ ಕಲಿಯೋಕ್ ಬಂದ್ಯಾ?"

"ಹೂಂ, ಕಲಿತೆ" ಎಂದು ಶಿವರಾಜ ಸ್ಟೂಲಿನ ಕಾಲಿಗೆ ಒದ್ದ.

ತಿರುಮಲೇಶ ಹಿಂದಕ್ಕೆ ಬಿದ್ದ. ಗ್ರಾನೈಟಿನ ಮೂಲೆ ತೆಂಗಿನಕಾಯಿ ಒಡೆದಂಥ ಶಬ್ದ ಮಾಡಿತು. ಯೋಜನೆಯ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅವನು ನೆಲದ ಮೇಲೆ ಹೊರಳಿ ಕೈಯೂರಿ ಎದ್ದ, ರಕ್ತ ಕಿವಿಯ ಹಿಂದಿನಿಂದ ಕೊರಳಿಗಿಳಿದು ಅಂಗಿಯನ್ನು ನೆನೆಸುತ್ತಿತ್ತು, ಕಣ್ಣು ಶಿವರಾಜನನ್ನೇ ಹುಡುಕುತ್ತಿತ್ತು. "ಮಗಾ... ಹಿಡ್ಕೊಳೋ" ಎಂದು ಕೈ ಚಾಚಿದ. ಬಿದ್ದದ್ದು ತಾನಾಗಿ ಎಂದೇ ತಿಳಿದಿದ್ದ. ಶಿವರಾಜ ಹಿಡಿದುಕೊಂಡ. ಎರಡೂ ಕೈಗಳಲ್ಲಿ ತಲೆಯನ್ನು ಹಿಡಿದು ಎತ್ತಿ, ಅದೇ ಮೂಲೆಗೆ, ಅದೇ ಗಾಯಕ್ಕೆ, ಇದ್ದಬದ್ದ ಶಕ್ತಿ ಹಾಕಿ ಅಪ್ಪಳಿಸಿದ. ತಿರುಮಲೇಶನ ಬೆರಳುಗಳು ಏಪ್ರನ್ನನ್ನು ಗೀರಿದವು. ಇನ್ನೊಮ್ಮೆ ಅಪ್ಪಳಿಸಿದ. ಕಾಲು ನೆಲಕ್ಕೆ ಬಡಿದುಕೊಂಡು, ಕೊಬ್ಬಿನ ಜಿಡ್ಡಿನಲ್ಲಿ ಜಾರಿ ಜಾರಿ, ಕಡೆಗೆ ನಿಂತಿತು. ಶಿವರಾಜನಿಗೆ ಭಯವಾಗಲಿಲ್ಲ, ದುಃಖವೂ ಆಗಲಿಲ್ಲ. ಬಹಳ ದಿನದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದು ಬಿಟ್ಟುಹೋದಂತೆ ಹಗುರವಾಯಿತು.

ಗ್ಲೌಸ್ ಬದಲಾಯಿಸಿಕೊಂಡು, ಉಳಿದದ್ದನ್ನು ಪಾಠ ಒಪ್ಪಿಸುವ ಹಾಗೆ ಮಾಡಿದ. ಸ್ಕೂಟರಿನ ಡೆಲಿವರಿ ಡಬ್ಬದಲ್ಲಿ ತಾನು ತಂದ ಚೊರಿಝೊ ಮಾಲೆಗಳನ್ನು ಸರಳಿಗೆ ತೂಗುಹಾಕಿದ, ಒಂದನ್ನು ಹೆಣದ ಪಕ್ಕದಲ್ಲಿ ಬೀಳಿಸಿದ, ಅದನ್ನೇ ಹಾಕಲು ಹೋಗಿ ಬಿದ್ದ ಎನ್ನುವಂತೆ. ಕೊಚ್ಚುವ ಯಂತ್ರಕ್ಕೆ, ನಾದುವ ತೊಟ್ಟಿಗೆ, ತುಂಬುವ ಕೊಳವೆಗೆ ಮಾಂಸ ಮೆತ್ತಿದ. ಕರುಳು ನೆನೆಸಿದ ಬೋಗುಣಿ, ಬೆಳ್ಳುಳ್ಳಿ ಸಿಪ್ಪೆ, ಕೆಂಪು ಮೆಣಸಿನಪುಡಿ ಚೆಲ್ಲಿದ ತಟ್ಟೆ, ಕತ್ತರಿಸಿದ ದಾರದ ತುಂಡುಗಳು. ಎಲ್ಲವನ್ನೂ ತಿರುಮಲೇಶ ಬಿಡುವ ಜಾಗದಲ್ಲೇ ಬಿಟ್ಟ. ಏಪ್ರನ್ ಬಿಚ್ಚುವ ಮುನ್ನ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದಾಗ ಏನೋ ಕಡಿಮೆ ಎನ್ನಿಸಿತು. ಬಾಣಲೆ! ಮನೆಯಲ್ಲಿ ಅಮ್ಮ ಮೊದಲ ರೊಟ್ಟಿಯನ್ನು ತೆಗೆದಿಡುವ ಹಾಗೆ ತಿರುಮಲೇಶನಿಗೂ ಅದೊಂದು ಶಾಸ್ತ್ರವಿತ್ತಲ್ಲ. ಅದಕ್ಕಾಗಿಯೇ ಡಬ್ಬಿಯಲ್ಲಿ ತಂದಿದ್ದ ಉಂಡೆಯನ್ನು ವಡೆಯಂತೆ ತಟ್ಟಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಎರಡೂ ಮಗ್ಗುಲು ಕೆಂಪಗಾಗುವಂತೆ ಹುರಿದ. ಎಡೆ ಮುಚ್ಚಿಡುವ ಹಾಗೆ ಮೇಲೊಂದು ತಟ್ಟೆ ಮುಚ್ಚಿದ. ಇಷ್ಟು ಸೂಕ್ಷ್ಮ ಇನ್ನಾರಿಗೆ ಹೊಳೆದೀತು ಎಂದು ಅವನಿಗೆ ಹೆಮ್ಮೆಯೇ ಆಯಿತು.

ಮುನಿಯಣ್ಣ ತಂದ ಹಸಿ ಮಾಂಸ, ರಕ್ತ ಮೆತ್ತಿದ ಏಪ್ರನ್, ಗ್ಲೌಸ್ ಎಲ್ಲವೂ ಡೆಲಿವರಿ ಡಬ್ಬದೊಳಗೆ ಹೋದವು. ಕರಡಿಗೆಯನ್ನು ಮರೆಯದೆ ಕೊರಳಿಗೆ ಹಾಕಿಕೊಂಡ. ಮುಂಬಾಗಿಲಿನಿಂದ ಹೊರಬಂದು, ಮೆಡಿಕಲ್ ಸ್ಟೋರಿನ ಕ್ಯಾಮೆರಾದ ಕೆಳಗೆ ಸ್ಕೂಟರ್ ನಿಲ್ಲಿಸಿ, ಅಂಗಡಿಯ ಕಡೆ ತಿರುಗಿ "ಬರ್ತೀನಿ ಮಗಾ" ಎಂದು ಕೈಯೆತ್ತಿದ. ಬಿಸಿಲು ಇನ್ನೂ ಇಳಿದಿರಲಿಲ್ಲ.

ಗೋಷ್ಠಿಯಲ್ಲಿ ಅವನು ಕಂಬದ ಪಕ್ಕ ಕುಳಿತ. ಎಲ್ಲರಿಗೂ ಶರಣು ಎಂದ, ಜಮಖಾನೆ ಹಾಸಿದ, ಪ್ರಸಾದ ಬಡಿಸಿದ. ಅಪ್ಪನ ಎಲೆಯ ಮುಂದೆ ಬಗ್ಗಿದಾಗ ರೇವಣಸಿದ್ದಪ್ಪನವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು, ಮುಖ ಎತ್ತಲಿಲ್ಲ. ಶಿವರಾಜ ಸೌಟು ಹಿಂದೆಗೆದುಕೊಂಡು ಮುಂದಿನ ಎಲೆಗೆ ಸರಿದ. ಇರಲಿ. ತಿರುಮಲೇಶನ ತಿಥಿಯೆಲ್ಲ ಮುಗಿಯಲಿ, ಆ ವಿಡಿಯೋ ಮಾಯವಾಗುತ್ತದೆ, ಕಾಲ ಸರಿದಂತೆ ಅಪ್ಪನ ಕೈಯೂ ಸರಿಯುತ್ತದೆ. ಅವನಿಗೆ ಬೇಕಾದದ್ದು ಅಷ್ಟೇ, ಅಪ್ಪನ ಬಾಯಿಂದ "ನೀನು ತಿಂದಿಲ್ಲ, ನನಗ್ ಗೊತ್ತು" ಎಂಬ ಒಂದು ಮಾತು.

ಬೆಳಿಗ್ಗೆ ಗಂಡ ಮನೆಗೆ ಬರಲಿಲ್ಲವೆಂದು ಹೋಗಿ ನೋಡಿದವಳು ಸುನಿತಾ. ಅವಳ ಫೋನು ಬಂದ ಕೂಡಲೇ ಶಿವರಾಜ ಓಡಿದ, ಬಾಗಿಲಲ್ಲೇ ಕುಸಿದು ಕುಳಿತ, ತಲೆ ಚಚ್ಚಿಕೊಂಡ. ಅತ್ತದ್ದು ಪೂರ್ತಿ ನಾಟಕವೂ ಅಲ್ಲ. ಹೆಣ ಸಾಗಿಸಿದ ಮೇಲೆ ಇನ್ಸ್‌ಪೆಕ್ಟರ್ ಜಯದೇವಪ್ಪನವರು ಅಡುಗೆಮನೆಯಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಅಡ್ಡಾಡಿದರು. ಅವರ ಹಣೆಯ ಮೇಲೂ ವಿಭೂತಿ ಇತ್ತು. ಅದನ್ನು ಕಂಡು ಶಿವರಾಜನ ಉಸಿರು ಸಲೀಸಾಯಿತು, ನಮ್ಮವರು.

"ಕ್ಯಾಮೆರಾದಲ್ಲಿ ನೋಡ್ದೆ, ನೀವು ಬೇಗ ಹೊರಟಿದೀರಿ" ಎಂದರು ಜಯದೇವಪ್ಪ. "ಆ ಮುನಿಯಣ್ಣಾನೂ ಹೇಳ್ದ. ಇಷ್ಟೆಲ್ಲ ಮಾಡೋಕೆ ಸಂಜೆ ಆಗಿರುತ್ತೆ ಪಾಪ, ಸುಸ್ತಾಗಿ ಸ್ಟೂಲ್ ಹತ್ತಿದಾರೆ. ಒಂದ್ ಮಾತು ಕೇಳ್ಬೇಕು, ಬೇಜಾರ್ ಮಾಡ್ಕೋಬೇಡಿ. ನೀವೂ ಇವರ ಜೊತೆ ಈ ಕೆಲ್ಸ ಮಾಡ್ತಿದ್ರಾ? ವಿಡಿಯೋದಲ್ಲಿ ತಿಂದ ಹಾಗಿತ್ತು."

ಶಿವರಾಜ ಕಾದಿದ್ದದ್ದು ಇದೇ ಪ್ರಶ್ನೆಗೆ. ಆದರೆ ಉತ್ತರ ಕೊಡುವಾಗ ಅವನ ಕೈ ತಾನಾಗಿ ಕೊರಳಿನ ಕರಡಿಗೆಗೆ ಹೋಯಿತು. "ಸಾರ್, ಇದನ್ನ ಮುಟ್ಟಿ ಹೇಳ್ತೀನಿ. ಈ ಅಡುಗೆಮನೇಲಿ ಇದ್ದ ಇಷ್ಟು ವರ್ಷದಲ್ಲಿ ನಾನು ಮಾಂಸ ಮುಟ್ಟೋದಿರ್ಲಿ, ಒಂದು ಚೂರೂ ಬಾಯಿಗೆ ಹಾಕಿಲ್ಲ. ಬೇಕಾದ್ರೆ ಸುನಿತಾನ ಕೇಳಿ."

"ನಿಜ ಸಾರ್" ಎಂದಳು ಸುನಿತಾ. ಗೋಡೆಗೊರಗಿ ಕುಳಿತಿದ್ದ ಅವಳ ಕಣ್ಣುಗಳು ಬಾತುಹೋಗಿದ್ದವು. "ಅಣ್ಣ ವಾಸ್ನೆ ಬಂದ್ರೇನೇ ಆಚೆ ಹೋಗ್ಬಿಡ್ತಿದ್ರು." ಜಯದೇವಪ್ಪನವರು ಸಮಾಧಾನದಿಂದ ತಲೆಯಾಡಿಸಿ, ಪಂಚನಾಮೆ ಮುಗಿಸಲು ಕಾನ್‌ಸ್ಟೇಬಲ್‌ಗೆ ಹೇಳಿದರು.

ಹೊರಡುವ ಮುನ್ನ ಸುನಿತಾ ಗಂಡನ ಅಡುಗೆಮನೆಯನ್ನು ಒಮ್ಮೆ ಕೈಯಿಂದ ಸವರುತ್ತಾ ಬಂದಳು. ತೊಟ್ಟಿ ಮುಟ್ಟಿದಳು, ದಾರದುಂಡೆ ಮುಟ್ಟಿದಳು, ಒಲೆಯ ಮೇಲಿನ ಪುಟ್ಟ ಬಾಣಲೆಯ ತಟ್ಟೆಯನ್ನೆತ್ತಿ ಹಾಗೇ ನಿಂತಳು. "ಇದನ್ಯಾಕೆ ತಿಂದಿಲ್ಲ ಇವ್ರು?" ಜಯದೇವಪ್ಪನವರಿಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದಳು: "ಉಪ್ಪು ಖಾರ ನೋಡೋಕೆ ಹುರಿಯೋದು ಸಾರ್ ಇದನ್ನ. ಸ್ಟವ್ ಆರ್ಸೋದಕ್ಕೂ ಮುಂಚೆ ಬಾಯಿ ಸುಟ್ಕೊಂಡು ತಿಂದ್ಬಿಡೋರು. ತಿಂದು, ಸರಿ ಇದೆ ಅನ್ಸಿದ್ ಮೇಲೇನೇ ಕರುಳಿಗೆ ತುಂಬೋದು. ತುಂಬಾಗಿದೆ, ಗಂಟು ಹಾಕಿದೆ, ಒಣಗೋಕ್ ಹಾಕಿದೆ... ರುಚಿ ನೋಡ್ದೇನೇ ಮಾಡಿದಾರಲ್ಲ ಸಾರ್, ಯಾರೋ." ಕೊನೆಯ ಪದ ಬಾಯಿಂದ ಬಿದ್ದ ಮೇಲೆ ಅವಳು ತಲೆಯೆತ್ತಿ ಶಿವರಾಜನ ತುಟಿಯನ್ನು ನೋಡಿದಳು. ಜಯದೇವಪ್ಪನವರೂ ನೋಡಿದರು, ಮೂಗಿನ ಮೇಲಿದ್ದ ಕರವಸ್ತ್ರ ಕೆಳಗಿಳಿಯಿತು. ಕರಡಿಗೆಯ ಮೇಲಿದ್ದ ಶಿವರಾಜನ ಕೈ ಅಲ್ಲೇ ಇತ್ತು. ಇನ್ನು ಅಪ್ಪ ನಂಬುತ್ತಾರೆ, ಗೋಷ್ಠಿಯವರು ನಂಬುತ್ತಾರೆ, ಊರಿಗೆ ಊರೇ ನಂಬುತ್ತದೆ. ತಾನು ಒಂದು ಚೂರೂ ಬಾಯಿಗೆ ಹಾಕದವನು ಎಂಬುದಕ್ಕೆ ಅವನು ಎಲ್ಲೆಲ್ಲೂ ಹುಡುಕಿ ಸಿಗದಿದ್ದ ಸಾಕ್ಷಿ, ಹಲ್ಲಿನ ಒಂದು ಗುರುತೂ ಇಲ್ಲದೆ, ಬಾಣಲೆಯಲ್ಲಿ ದುಂಡಗೆ ಕುಳಿತಿತ್ತು.